ಸ್ಥಿರವಿದ್ಯುತ್ ಬಲ ಮತ್ತು ರಚನಾ ಬಲವಿಜ್ಞಾನದ ಜೋಡಿ ಲೆಕ್ಕ: ಉಪಕರಣ ತಯಾರಕರು ತಿಳಿದಿರಬೇಕಾದ ಸಂಗತಿಗಳು

ಹಾನಗಲ್ಲ, ಶಿಗ್ಗಾಂವ, ಸವಣೂರ ಮತ್ತು ಹಿರೇಕೆರೂರ ಭಾಗದ ವ್ಯಾಪಾರವು ಬಹುಮಟ್ಟಿಗೆ ಎರಡು ಅಳತೆಗಳ ಮೇಲೆ ನಿಂತಿದೆ. ಒಂದು ತೂಕ, ಇನ್ನೊಂದು ತೇವಾಂಶ. ಭತ್ತವಿರಲಿ, ಗೋವಿನಜೋಳವಿರಲಿ, ಹತ್ತಿಯಿರಲಿ, ಈ ಎರಡು ಅಂಕಿಗಳು ಗೊತ್ತಾಗದೆ ದರ ಕುದುರುವುದಿಲ್ಲ. ಒಂದು ಕಾಲಕ್ಕೆ ತಕ್ಕಡಿ ಮತ್ತು ಅನುಭವಸ್ಥರ ಕೈಬೆರಳುಗಳು ಮಾಡುತ್ತಿದ್ದ ಕೆಲಸವನ್ನು ಈಗ ಎಲೆಕ್ಟ್ರಾನಿಕ್ ಉಪಕರಣಗಳು ಮಾಡುತ್ತಿವೆ. ಇಂಥ ಉಪಕರಣಗಳನ್ನು ಕೊಂಡು ಬಳಸುವವರು ನಮ್ಮಲ್ಲಿ ಅನೇಕರು. ಅವುಗಳನ್ನು ಜೋಡಿಸುವ ಅಥವಾ ತಯಾರಿಸುವ ಉದ್ಯಮಕ್ಕೆ ಕೈಹಾಕಬೇಕೆಂಬ ಆಸೆಯುಳ್ಳ ಸಣ್ಣ ಕೈಗಾರಿಕೋದ್ಯಮಿಗಳೂ ಇಲ್ಲದಿಲ್ಲ.

ಅಂಥವರು ವಿನ್ಯಾಸಕ್ಕಾಗಿ ಸಲಹಾ ಸಂಸ್ಥೆಯೊಂದನ್ನು ಸಂಪರ್ಕಿಸಿದರೆ ಮೊದಲು ಕೇಳಿಬರುವ ಮಾತು ‘ಸಿಮ್ಯುಲೇಶನ್’. ವಸ್ತುವನ್ನು ತಯಾರಿಸುವುದಕ್ಕೆ ಮೊದಲೇ ಅದು ಹೇಗೆ ವರ್ತಿಸುತ್ತದೆ ಎಂಬುದನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕಿ ನೋಡುವುದೇ ಸಿಮ್ಯುಲೇಶನ್. ಅಚ್ಚು ಅಥವಾ ಮಾಸ್ಕ್ ಮಾಡಿಸಿದ ಮೇಲೆ ದೋಷ ಕಂಡರೆ ಹೂಡಿದ ಹಣ ಹೋಯಿತೆಂದೇ ಲೆಕ್ಕ. ಗಣಕಯಂತ್ರದಲ್ಲಿಯೇ ದೋಷ ಕಂಡರೆ ಹೋಗುವುದು ನಾಲ್ಕಾರು ದಿನಗಳ ಸಮಯ ಮಾತ್ರ. ಆದರೆ ಈ ಲೆಕ್ಕದಲ್ಲಿಯೂ ಎರಡು ಬಗೆಗಳಿವೆ. ಒಂದು ಬಗೆಯ ಲೆಕ್ಕವು ಕೆಲವು ಉಪಕರಣಗಳಿಗೆ ಸಂಪೂರ್ಣ ಸರಿ, ಇನ್ನು ಕೆಲವಕ್ಕೆ ಸಂಪೂರ್ಣ ತಪ್ಪು. ಹಣ ಕೊಡುವ ಉದ್ಯಮಿಗೆ ಈ ವ್ಯತ್ಯಾಸ ತಿಳಿದಿರಬೇಕೆಂಬುದೇ ಈ ಲೇಖನದ ಉದ್ದೇಶ.

ಒಮ್ಮುಖ ಲೆಕ್ಕ: ತೂಕದ ಯಂತ್ರದ ಉದಾಹರಣೆ

ಎಲೆಕ್ಟ್ರಾನಿಕ್ ತೂಕದ ಯಂತ್ರದ ಒಳಗೆ ‘ಲೋಡ್ ಸೆಲ್’ ಎಂಬ ಲೋಹದ ತುಂಡು ಇರುತ್ತದೆ. ಚೀಲವನ್ನು ಇಟ್ಟಾಗ ಈ ಲೋಹವು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಮೇಲೆ ಅಂಟಿಸಿದ ತೆಳುವಾದ ತಂತಿಪಟ್ಟಿಗಳು ಆ ಬಾಗಿನಿಂದ ಎಳೆಯಲ್ಪಡುತ್ತವೆ ಅಥವಾ ಕುಗ್ಗುತ್ತವೆ. ಆಗ ಅವುಗಳ ವಿದ್ಯುತ್ ರೋಧ ಬದಲಾಗುತ್ತದೆ. ಈ ಬದಲಾವಣೆಯನ್ನೇ ಯಂತ್ರವು ಕಿಲೋಗ್ರಾಂಗಳಾಗಿ ತೋರಿಸುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಲೋಹ ಬಾಗಿದ್ದರಿಂದ ಚೀಲದ ತೂಕ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ತೂಕವು ಲೋಹವನ್ನು ಬಾಗಿಸುತ್ತದೆ, ಬಾಗು ವಿದ್ಯುತ್ತನ್ನು ಬದಲಿಸುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಪ್ರಭಾವವು ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಆದ್ದರಿಂದ ಲೋಡ್ ಸೆಲ್ಲಿನ ವಿನ್ಯಾಸಕಾರನು ಬಾಗನ್ನು ಒಮ್ಮೆ ಲೆಕ್ಕ ಹಾಕಿ, ಆ ಉತ್ತರವನ್ನು ವಿದ್ಯುತ್ತಿನ ಲೆಕ್ಕಕ್ಕೆ ಒಪ್ಪಿಸಿದರೆ ಸಾಕು. ಇದನ್ನು ಒಮ್ಮುಖ ಜೋಡಣೆ ಎನ್ನಬಹುದು. ಟ್ರೇಲರ್ ಚಾಸಿ, ಗೋದಾಮಿನ ಕಬ್ಬಿಣದ ಚಾವಣಿ, ಒಕ್ಕಣೆ ಯಂತ್ರದ ಚೌಕಟ್ಟು ಮುಂತಾದವುಗಳಿಗೆ ವಿದ್ಯುತ್ತಿನ ಮಾತೇ ಬರುವುದಿಲ್ಲ. ರಚನಾ ಬಲವಿಜ್ಞಾನದ ಲೆಕ್ಕವೊಂದೇ ಸಾಕಾಗುತ್ತದೆ.

ಇಮ್ಮುಖ ಲೆಕ್ಕ: ಎರಡು ತಗಡುಗಳ ನಡುವಿನ ಸೆಳೆತ

ಈಗ ಬೇರೆ ಬಗೆಯ ಉಪಕರಣವನ್ನು ನೋಡೋಣ. ಫ್ಯಾನು ಮತ್ತು ಪಂಪ್‌ಸೆಟ್‌ಗಳಲ್ಲಿರುವ, ನಾವೆಲ್ಲ ‘ಕಂಡೆನ್ಸರ್’ ಎಂದು ಕರೆಯುವ ಕೆಪಾಸಿಟರ್ ಎಲ್ಲರಿಗೂ ಪರಿಚಿತ. ಎರಡು ಲೋಹದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಎದುರುಬದುರು ಇಟ್ಟರೆ ಕೆಪಾಸಿಟರ್ ಆಗುತ್ತದೆ. ಅವುಗಳಿಗೆ ವೋಲ್ಟೇಜ್ ಕೊಟ್ಟಾಗ ಒಂದು ಹಾಳೆಯ ಮೇಲೆ ಧನ ಆವೇಶ, ಇನ್ನೊಂದರ ಮೇಲೆ ಋಣ ಆವೇಶ ಶೇಖರವಾಗುತ್ತದೆ. ವಿರುದ್ಧ ಆವೇಶಗಳು ಪರಸ್ಪರ ಸೆಳೆಯುತ್ತವೆ. ಆವೇಶಗಳ ನಡುವಿನ ಈ ಬಲದ ನಿಯಮವನ್ನು ಫ್ರಾನ್ಸಿನ ಕುಲೊಂಬ್ ಎಂಬ ವಿಜ್ಞಾನಿಯು 1785ರಲ್ಲಿ ಪ್ರಯೋಗದಿಂದ ತೋರಿಸಿದನು. ಚಳಿಗಾಲದ ಒಣಹವೆಯಲ್ಲಿ ಪಾಲಿಥಿನ್ ಹಾಳೆಯು ಕೈಗೆ ಅಂಟಿಕೊಳ್ಳುವುದೂ, ಜಿನ್ನಿಂಗ್ ಕಾರ್ಖಾನೆಯಲ್ಲಿ ಹತ್ತಿಯ ಎಳೆಗಳು ಯಂತ್ರದ ಮೈಗೆ ಹತ್ತಿಕೊಳ್ಳುವುದೂ ಈ ಸ್ಥಿರವಿದ್ಯುತ್ ಬಲದಿಂದಲೇ.

ಎರಡು ಸಮಾನಾಂತರ ತಗಡುಗಳ ನಡುವಿನ ಸೆಳೆತದ ಲೆಕ್ಕ ಸರಳವಾಗಿದೆ. ತಗಡಿನ ವಿಸ್ತೀರ್ಣ ಎರಡು ಪಟ್ಟಾದರೆ ಬಲ ಎರಡು ಪಟ್ಟಾಗುತ್ತದೆ. ವೋಲ್ಟೇಜ್ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ನಡುವಿನ ಅಂತರ ಅರ್ಧವಾದರೆ ಆಗಲೂ ಬಲ ನಾಲ್ಕು ಪಟ್ಟಾಗುತ್ತದೆ. ಈ ಮೂರನೆಯ ಮಾತಿನಲ್ಲಿಯೇ ಎಲ್ಲ ತೊಡಕೂ ಅಡಗಿದೆ.

ತಗಡುಗಳಲ್ಲಿ ಒಂದನ್ನು ಗಟ್ಟಿಯಾಗಿ ಕೂರಿಸಿ, ಇನ್ನೊಂದನ್ನು ಸ್ಪ್ರಿಂಗಿನ ಆಧಾರದಲ್ಲಿ ನಿಲ್ಲಿಸಿದ್ದೇವೆ ಎಂದುಕೊಳ್ಳೋಣ. ವೋಲ್ಟೇಜ್ ಕೊಟ್ಟಾಗ ಸೆಳೆತದಿಂದ ಮೇಲಿನ ತಗಡು ಸ್ವಲ್ಪ ಕೆಳಗಿಳಿಯುತ್ತದೆ. ಇಳಿದದ್ದರಿಂದ ಅಂತರ ಕಡಿಮೆಯಾಗುತ್ತದೆ. ಅಂತರ ಕಡಿಮೆಯಾದದ್ದರಿಂದ ಸೆಳೆತ ಹೆಚ್ಚುತ್ತದೆ. ಸೆಳೆತ ಹೆಚ್ಚಿದ್ದರಿಂದ ತಗಡು ಇನ್ನಷ್ಟು ಇಳಿಯುತ್ತದೆ. ಬಲವು ಆಕಾರವನ್ನು ಬದಲಿಸುತ್ತದೆ, ಬದಲಾದ ಆಕಾರವು ಬಲವನ್ನು ಬದಲಿಸುತ್ತದೆ. ಇದೇ ಇಮ್ಮುಖ ಜೋಡಣೆ.

ವ್ಯಾಪಾರಸ್ಥರಿಗೆ ಇದು ಹೊಸ ಸಂಗತಿಯೇನೂ ಅಲ್ಲ. ಒಮ್ಮುಖ ಲೆಕ್ಕವು ಸರಳ ಬಡ್ಡಿಯಿದ್ದಂತೆ, ಅಸಲಿನ ಮೇಲೆ ಮಾತ್ರ ಬಡ್ಡಿ. ಇಮ್ಮುಖ ಲೆಕ್ಕವು ಚಕ್ರಬಡ್ಡಿಯಿದ್ದಂತೆ, ಬಡ್ಡಿಯೂ ಅಸಲಿಗೆ ಸೇರಿ ಮತ್ತೆ ಬಡ್ಡಿ ಹುಟ್ಟಿಸುತ್ತದೆ. ಚಕ್ರಬಡ್ಡಿಯ ಸಾಲವನ್ನು ಸರಳ ಬಡ್ಡಿಯ ಲೆಕ್ಕದಲ್ಲಿ ಬರೆದಿಟ್ಟುಕೊಂಡವನ ಗತಿಯೇ, ಇಮ್ಮುಖ ಉಪಕರಣವನ್ನು ಒಮ್ಮುಖ ಲೆಕ್ಕದಲ್ಲಿ ವಿನ್ಯಾಸಗೊಳಿಸಿದವನಿಗೂ ಒದಗುತ್ತದೆ.

ಗಾತ್ರದ ಮಹಿಮೆ

ಹಾಗಾದರೆ ದಿನಬಳಕೆಯ ಯಂತ್ರಗಳಲ್ಲಿ ಈ ಸೆಳೆತ ನಮ್ಮ ಗಮನಕ್ಕೆ ಬರುವುದಿಲ್ಲವೇಕೆ? ಉತ್ತರವು ಗಾತ್ರದಲ್ಲಿದೆ. ಎರಡು ಉದಾಹರಣೆಗಳನ್ನು ಹೋಲಿಸಿ ನೋಡಬಹುದು.

ಮೊದಲನೆಯದು, 100 ಮಿಲಿಮೀಟರ್ ಉದ್ದ, 100 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು. ಅದರ ಎದುರಿಗೆ 1 ಮಿಲಿಮೀಟರ್ ಅಂತರದಲ್ಲಿ ಇನ್ನೊಂದು ತಗಡು. 5 ವೋಲ್ಟ್ ಕೊಟ್ಟರೆ ಸೆಳೆತವು ಸುಮಾರು 1.1 ಮೈಕ್ರೋನ್ಯೂಟನ್ ಆಗುತ್ತದೆ. ತಗಡಿನ ತೂಕ 27 ಗ್ರಾಂ. ಅಂದರೆ ಸೆಳೆತವು ತಗಡಿನ ಸ್ವಂತ ಭಾರದ 2 ಲಕ್ಷ 40 ಸಾವಿರದಲ್ಲಿ ಒಂದು ಪಾಲು. ಅದನ್ನು ಲೆಕ್ಕಕ್ಕೆ ಹಿಡಿಯುವ ಅಗತ್ಯವೇ ಇಲ್ಲ.

ಎರಡನೆಯದು, 200 ಮೈಕ್ರಾನ್ ಉದ್ದ, ಅಷ್ಟೇ ಅಗಲ, 2 ಮೈಕ್ರಾನ್ ದಪ್ಪದ ಸಿಲಿಕಾನ್ ತಗಡು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಎದುರಿನ ತಗಡಿನಿಂದ ಇದರ ಅಂತರ 2 ಮೈಕ್ರಾನ್. ಇದಕ್ಕೂ 5 ವೋಲ್ಟ್ ಕೊಟ್ಟರೆ ಸೆಳೆತವು ಮತ್ತೆ ಅದೇ 1.1 ಮೈಕ್ರೋನ್ಯೂಟನ್. ಬಲ ಒಂದೇ, ಆದರೆ ಈ ಪುಟ್ಟ ತಗಡಿನ ಭಾರಕ್ಕೆ ಹೋಲಿಸಿದರೆ ಅದು ಸುಮಾರು 600 ಪಟ್ಟು ದೊಡ್ಡದು.

ವಸ್ತುವನ್ನು ಚಿಕ್ಕದು ಮಾಡುತ್ತಾ ಹೋದಂತೆ ಭಾರವು ಬಹುಬೇಗ ಕರಗುತ್ತದೆ, ಆದರೆ ಸ್ಥಿರವಿದ್ಯುತ್ ಸೆಳೆತವು ಅಷ್ಟು ಬೇಗ ಕರಗುವುದಿಲ್ಲ. ಆದ್ದರಿಂದ ಮಿಲಿಮೀಟರುಗಳ ಲೋಕದಲ್ಲಿ ನಗಣ್ಯವಾದ ಬಲವು ಮೈಕ್ರಾನುಗಳ ಲೋಕದಲ್ಲಿ ಯಜಮಾನನಾಗುತ್ತದೆ. ಈ ಲೋಕದ ಉಪಕರಣಗಳಿಗೆ ‘ಮೆಮ್ಸ್’, ಅಂದರೆ ಸೂಕ್ಷ್ಮ ವಿದ್ಯುತ್-ಯಾಂತ್ರಿಕ ವ್ಯವಸ್ಥೆಗಳು ಎಂದು ಹೆಸರು.

ಮೆಮ್ಸ್ ಎಂಬುದು ಪ್ರಯೋಗಶಾಲೆಗೆ ಸೀಮಿತವಾದ ವಸ್ತುವಲ್ಲ. ಮೊಬೈಲ್ ಫೋನನ್ನು ಅಡ್ಡ ಹಿಡಿದಾಗ ಪರದೆಯ ಚಿತ್ರವೂ ಅಡ್ಡವಾಗುವುದು ಅದರೊಳಗಿನ ಆಕ್ಸಿಲರೋಮೀಟರ್ ಎಂಬ ಮೆಮ್ಸ್ ಉಪಕರಣದಿಂದ. ಕಾರುಗಳ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಂತೆ ಸೂಚನೆ ಕೊಡುವ ಸಂವೇದಕಗಳಾಗಿ ಇವು 1990ರ ದಶಕದಲ್ಲಿ ಬಳಕೆಗೆ ಬಂದವು. ಇಂದು ಅಕ್ಕಿ ಗಿರಣಿ ಅಥವಾ ಜಿನ್ನಿಂಗ್ ಕಾರ್ಖಾನೆಯ ಬೇರಿಂಗ್ ಸವೆಯುತ್ತಿರುವುದನ್ನು ಕಂಪನದಿಂದ ಪತ್ತೆಹಚ್ಚುವ ಅಗ್ಗದ ಉಪಕರಣಗಳಲ್ಲಿಯೂ ಇವೇ ಚಿಪ್‌ಗಳಿರುತ್ತವೆ.

ಐದು ವೋಲ್ಟ್ ಮತ್ತು ಆರು ವೋಲ್ಟ್

ಒಮ್ಮುಖ ಲೆಕ್ಕವು ಎಷ್ಟರಮಟ್ಟಿಗೆ ಮೋಸ ಮಾಡಬಲ್ಲದೆಂಬುದನ್ನು ಮೇಲಿನ ಪುಟ್ಟ ತಗಡಿನಿಂದಲೇ ತಿಳಿಯಬಹುದು. ಅದನ್ನು ಹಿಡಿದಿರುವ ಸ್ಪ್ರಿಂಗನ್ನು 1 ಮೈಕ್ರಾನ್ ಬಾಗಿಸಲು 5 ಮೈಕ್ರೋನ್ಯೂಟನ್ ಬಲ ಬೇಕು ಎಂದಿಟ್ಟುಕೊಳ್ಳೋಣ.

5 ವೋಲ್ಟ್ ಕೊಟ್ಟಾಗ ಮೊದಲ ಸುತ್ತಿನ ಲೆಕ್ಕದಲ್ಲಿ ತಗಡು 0.22 ಮೈಕ್ರಾನ್ ಇಳಿಯುತ್ತದೆ. ಒಮ್ಮುಖ ಲೆಕ್ಕ ಮಾಡುವವನು ಇಲ್ಲಿಗೆ ಪುಸ್ತಕ ಮುಚ್ಚುತ್ತಾನೆ. ಇಮ್ಮುಖ ಲೆಕ್ಕ ಮಾಡುವವನು ಹೊಸ ಅಂತರವನ್ನು ಇಟ್ಟುಕೊಂಡು ಬಲವನ್ನು ಮತ್ತೆ ಲೆಕ್ಕ ಹಾಕುತ್ತಾನೆ. ಎರಡನೆಯ ಸುತ್ತಿನಲ್ಲಿ 0.28, ಮೂರನೆಯ ಸುತ್ತಿನಲ್ಲಿ 0.30, ಮುಂದೆ 0.306, 0.309 ಹೀಗೆ ಸಾಗಿ ಉತ್ತರವು 0.31 ಮೈಕ್ರಾನಿನಲ್ಲಿ ಸ್ಥಿರವಾಗುತ್ತದೆ. ಒಮ್ಮುಖ ಲೆಕ್ಕಕ್ಕಿಂತ ಇದು ಶೇಕಡಾ 40ರಷ್ಟು ಹೆಚ್ಚು.

ಈಗ 6 ವೋಲ್ಟ್ ಕೊಡೋಣ. ಒಮ್ಮುಖ ಲೆಕ್ಕದ ಉತ್ತರ 0.32 ಮೈಕ್ರಾನ್. ಅಂತರ 2 ಮೈಕ್ರಾನ್ ಇರುವುದರಿಂದ ಯಾವ ಅಪಾಯವೂ ಇಲ್ಲವೆಂದು ತೋರುತ್ತದೆ. ಇಮ್ಮುಖ ಲೆಕ್ಕದಲ್ಲಾದರೋ 0.32, 0.45, 0.53, 0.59, 0.64, 0.69, 0.74, 0.81, 0.90, 1.05, 1.42 ಎಂದು ಬೆಳೆಯುತ್ತಾ ಹೋಗಿ, 12ನೆಯ ಸುತ್ತಿನಲ್ಲಿ ಉತ್ತರವು ಅಂತರವನ್ನೇ ಮೀರುತ್ತದೆ. ಅರ್ಥವಿಷ್ಟೇ: ತಗಡು ಎಲ್ಲಿಯೂ ನಿಲ್ಲದೆ ಎದುರಿನ ತಗಡಿಗೆ ಬಡಿದು ಅಂಟಿಕೊಳ್ಳುತ್ತದೆ. ಮಧ್ಯದ ಸುತ್ತುಗಳಲ್ಲಿ ಬೆಳವಣಿಗೆ ನಿಧಾನವಾಗಿ, ಇನ್ನೇನು ನಿಂತೇಬಿಟ್ಟಿತೆಂಬ ಭ್ರಮೆ ಹುಟ್ಟಿಸುವುದನ್ನೂ ಓದುಗರು ಗಮನಿಸಬೇಕು. ಆರೇಳು ಸುತ್ತಿಗೆ ಲೆಕ್ಕ ನಿಲ್ಲಿಸಿದವನು ಉಪಕರಣ ಉಳಿಯುತ್ತದೆಂದೇ ವರದಿ ಬರೆಯುತ್ತಾನೆ.

ಈ ವಿದ್ಯಮಾನಕ್ಕೆ ‘ಪುಲ್-ಇನ್’ ಎಂದು ಹೆಸರು. ಕನ್ನಡದಲ್ಲಿ ‘ಒಳಸೆಳೆತ’ ಎನ್ನಬಹುದು. ಅಮೆರಿಕದ ವೆಸ್ಟಿಂಗ್‌ಹೌಸ್ ಸಂಸ್ಥೆಯ ನೇಥನ್ಸನ್ ಮತ್ತು ಅವರ ಸಹೋದ್ಯೋಗಿಗಳು 1967ರಲ್ಲಿ ಪ್ರಕಟಿಸಿದ ಸೂಕ್ಷ್ಮ ಕಂಪನ ಸಾಧನದ ಪ್ರಬಂಧದಲ್ಲಿಯೇ ಇದರ ವಿವರಣೆಯಿದೆ. ಸ್ಪ್ರಿಂಗಿನ ಎಳೆತವು ಬಾಗಿದಷ್ಟಕ್ಕೆ ಸರಿಯಾಗಿ, ಸಮಪ್ರಮಾಣದಲ್ಲಿ ಬೆಳೆಯುತ್ತದೆ. ಸ್ಥಿರವಿದ್ಯುತ್ ಸೆಳೆತವು ಅಂತರ ಕುಗ್ಗಿದಂತೆ ಅದಕ್ಕಿಂತ ತೀವ್ರವಾಗಿ ಬೆಳೆಯುತ್ತದೆ. ಸಮಾನಾಂತರ ತಗಡುಗಳ ವಿಷಯದಲ್ಲಿ, ತಗಡು ಅಂತರದ ಮೂರನೆಯ ಒಂದು ಭಾಗವನ್ನು ದಾಟಿದ ಮೇಲೆ ಸ್ಪ್ರಿಂಗ್ ಅದನ್ನು ಹಿಡಿದು ನಿಲ್ಲಿಸಲಾರದು. ನಮ್ಮ ಉದಾಹರಣೆಯಲ್ಲಿ ಈ ಘಟ್ಟ ಬರುವುದು ಸುಮಾರು 5.8 ವೋಲ್ಟಿಗೆ. 5 ವೋಲ್ಟಿಗೆಂದು ಮಾಡಿದ ಉಪಕರಣಕ್ಕೆ ವಿದ್ಯುತ್ ಪೂರೈಕೆಯ ಏರುಪೇರಿನಿಂದ 6 ವೋಲ್ಟ್ ತಲುಪಿದರೆ ಅದರ ಆಯುಷ್ಯ ಮುಗಿದಂತೆ. ಒಮ್ಮುಖ ವರದಿಯಲ್ಲಿ ಈ ಅಪಾಯದ ಸುಳಿವೂ ಇರುವುದಿಲ್ಲ.

ಒಳಸೆಳೆತವು ಯಾವಾಗಲೂ ಶತ್ರುವೇನಲ್ಲ. ಸಭಾಭವನಗಳಲ್ಲಿ ಬಳಸುವ ಡಿಎಲ್‌ಪಿ ಪ್ರೊಜೆಕ್ಟರಿನ ಚಿಪ್ಪಿನಲ್ಲಿ ಲಕ್ಷಾಂತರ ಸೂಕ್ಷ್ಮ ಕನ್ನಡಿಗಳಿವೆ. 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್ ರೂಪಿಸಿದ ಈ ಚಿಪ್ಪಿನಲ್ಲಿ ಕನ್ನಡಿಗಳು ಸ್ಥಿರವಿದ್ಯುತ್ ಬಲದಿಂದಲೇ ಒಂದು ಬದಿಗೋ ಇನ್ನೊಂದು ಬದಿಗೋ ಪೂರ್ತಿ ವಾಲಿ ನಿಲ್ಲುತ್ತವೆ. ಬೇಕೆಂದೇ ಬಳಸಿಕೊಂಡರೆ ಅದು ಗುಣ, ಅರಿವಿಲ್ಲದೆ ಬಂದರೆ ದೋಷ.

ತಂತ್ರಾಂಶವು ಮಾಡುವ ಕೆಲಸ

ನಿಜವಾದ ಉಪಕರಣಗಳು ಚಪ್ಪಟೆ ತಗಡಿನಷ್ಟು ಸರಳವಾಗಿರುವುದಿಲ್ಲ. ಅವುಗಳಲ್ಲಿ ಬಾಚಣಿಗೆಯಂಥ ಹಲ್ಲುಗಳು, ರಂಧ್ರಗಳು, ಅಂಚು ಹಿಡಿದ ಪೊರೆಗಳು ಇರುತ್ತವೆ. ಇವನ್ನು ಕೈಲೆಕ್ಕದಲ್ಲಿ ಬಿಡಿಸುವುದು ಅಸಾಧ್ಯ. ಆದ್ದರಿಂದ ತಂತ್ರಾಂಶವು ಇಡೀ ಆಕಾರವನ್ನು ಸಾವಿರಾರು ಚಿಕ್ಕ ತುಂಡುಗಳ ಜಾಲವಾಗಿ ಒಡೆಯುತ್ತದೆ. ಲೋಹ ಅಥವಾ ಸಿಲಿಕಾನಿನ ಭಾಗಕ್ಕೆ ಮಾತ್ರವಲ್ಲ, ನಡುವಿನ ಗಾಳಿಗೂ ಜಾಲ ಹೆಣೆಯಬೇಕಾಗುತ್ತದೆ, ಏಕೆಂದರೆ ವಿದ್ಯುತ್ ಕ್ಷೇತ್ರ ಇರುವುದು ಅಲ್ಲಿಯೇ.

ಮುಂದಿನ ಕೆಲಸವು ಹೀಗೆ ನಡೆಯುತ್ತದೆ. ಮೊದಲು ಗಾಳಿಯ ಜಾಲದಲ್ಲಿ ವಿದ್ಯುತ್ ಕ್ಷೇತ್ರವನ್ನು ಬಿಡಿಸುತ್ತದೆ. ಆ ಕ್ಷೇತ್ರದಿಂದ ತಗಡಿನ ಮೈಮೇಲಿನ ಒತ್ತಡವನ್ನು ತೆಗೆಯುತ್ತದೆ. ಆ ಒತ್ತಡವನ್ನು ರಚನೆಯ ಮೇಲೆ ಹೇರಿ ಬಾಗನ್ನು ಕಂಡುಹಿಡಿಯುತ್ತದೆ. ಬಾಗಿದ ಆಕಾರಕ್ಕೆ ತಕ್ಕಂತೆ ಗಾಳಿಯ ಜಾಲವನ್ನು ಸರಿಸುತ್ತದೆ. ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಎರಡು ಸುತ್ತುಗಳ ಉತ್ತರದಲ್ಲಿ ಗಣನೀಯ ವ್ಯತ್ಯಾಸ ಉಳಿಯದಿದ್ದಾಗ ನಿಲ್ಲುತ್ತದೆ. ಕೆಲವು ತಂತ್ರಾಂಶಗಳು ಹೀಗೆ ಸರದಿಯಂತೆ ಮಾಡಿದರೆ, ಇನ್ನು ಕೆಲವು ಎರಡೂ ಸಮೀಕರಣಗಳನ್ನು ಒಟ್ಟಿಗೇ ಬಿಡಿಸುತ್ತವೆ. ಒಳಸೆಳೆತದ ಘಟ್ಟ ಸಮೀಪಿಸಿದಾಗ ಸರದಿಯ ವಿಧಾನಕ್ಕೆ ಬಹಳ ಸುತ್ತುಗಳು ಬೇಕಾಗುತ್ತವೆ; ಒಟ್ಟಿಗೆ ಬಿಡಿಸುವ ವಿಧಾನ ಅಲ್ಲಿ ಹೆಚ್ಚು ದೃಢವಾದದ್ದು.

ಒಂದು ಎಚ್ಚರಿಕೆಯ ಮಾತು ಇಲ್ಲಿ ಅಗತ್ಯ. ಘಟ್ಟವನ್ನು ದಾಟಿದ ವೋಲ್ಟೇಜಿನಲ್ಲಿ ತಂತ್ರಾಂಶವು ‘ಉತ್ತರ ಸ್ಥಿರಗೊಳ್ಳಲಿಲ್ಲ’ ಎಂಬ ಸಂದೇಶ ಕೊಟ್ಟು ನಿಂತುಬಿಡುತ್ತದೆ. ಜಾಲ ಸರಿಯಿಲ್ಲದಿದ್ದಾಗಲೂ ಅದೇ ಸಂದೇಶ ಬರುತ್ತದೆ. ಅನುಭವವಿಲ್ಲದವರು ಇದನ್ನು ತಂತ್ರಾಂಶದ ತಕರಾರೆಂದು ಭಾವಿಸಿ, ನಿಖರತೆಯ ಮಿತಿಯನ್ನು ಸಡಿಲಿಸಿ ಹೇಗಾದರೂ ಒಂದು ಉತ್ತರ ಹೊರಡಿಸುತ್ತಾರೆ. ವಾಸ್ತವವಾಗಿ ಉಪಕರಣವೇ ಕುಸಿಯುತ್ತದೆಂಬ ಸತ್ಯವನ್ನು ತಂತ್ರಾಂಶ ಹೇಳುತ್ತಿರಬಹುದು. ಎರಡನ್ನೂ ಬೇರ್ಪಡಿಸಲು ನುರಿತವರು ಪ್ರಶ್ನೆಯನ್ನು ತಿರುವಿ ಹಾಕುತ್ತಾರೆ. ‘ಇಷ್ಟು ವೋಲ್ಟಿಗೆ ಎಷ್ಟು ಬಾಗು’ ಎಂದು ಕೇಳುವ ಬದಲು ‘ಇಷ್ಟು ಬಾಗಲು ಎಷ್ಟು ವೋಲ್ಟ್ ಬೇಕು’ ಎಂದು ಕೇಳುತ್ತಾರೆ. ಬಾಗು ಹೆಚ್ಚಿಸುತ್ತಾ ಹೋದಂತೆ ಬೇಕಾಗುವ ವೋಲ್ಟೇಜ್ ಮೊದಲು ಏರಿ, ಒಂದು ಶಿಖರ ಮುಟ್ಟಿ, ಅನಂತರ ಇಳಿಯುತ್ತದೆ. ಆ ಶಿಖರವೇ ಒಳಸೆಳೆತದ ವೋಲ್ಟೇಜ್.

ಕೈಲೆಕ್ಕದ ಒಂದು ಸೂತ್ರ

ಉದ್ಯಮಿಯು ತಂತ್ರಾಂಶ ಕಲಿಯಬೇಕಾಗಿಲ್ಲ. ಆದರೆ ಇಮ್ಮುಖ ಲೆಕ್ಕ ಬೇಕೋ ಬೇಡವೋ ಎಂಬುದನ್ನು ತಿಳಿಯಲು ಒಂದು ಸುಲಭ ಅಳತೆಗೋಲು ಇದೆ. ಒಮ್ಮುಖ ಲೆಕ್ಕದ ಬಾಗನ್ನು ಮೂಲ ಅಂತರದಿಂದ ಭಾಗಿಸಬೇಕು.

ಬಂದ ಉತ್ತರವು ಶೇಕಡಾ 1ಕ್ಕಿಂತ ಕಡಿಮೆಯಿದ್ದರೆ ಒಮ್ಮುಖ ಲೆಕ್ಕದ ತಪ್ಪು ಸುಮಾರು ಶೇಕಡಾ 2ರ ಒಳಗಿರುತ್ತದೆ. ಸಾಮಾನ್ಯ ಕೆಲಸಕ್ಕೆ ಅಷ್ಟು ಸಾಕು. ಶೇಕಡಾ 1ರಿಂದ 15ರ ನಡುವೆ ಇದ್ದರೆ ಇಮ್ಮುಖ ಲೆಕ್ಕ ಅನಿವಾರ್ಯ. ಶೇಕಡಾ 15 ಅಥವಾ ಅದಕ್ಕಿಂತ ಹೆಚ್ಚಾದರೆ ತಗಡು ಕುಸಿಯುತ್ತದೆಂದೇ ತಿಳಿದು ವಿನ್ಯಾಸವನ್ನು ಬದಲಿಸಬೇಕು. ನಮ್ಮ ಉದಾಹರಣೆಯಲ್ಲಿ 5 ವೋಲ್ಟಿಗೆ ಈ ಪ್ರಮಾಣ ಶೇಕಡಾ 11, 6 ವೋಲ್ಟಿಗೆ ಶೇಕಡಾ 16. ಎರಡರ ನಡುವೆ ಉಪಕರಣದ ಅಳಿವು ಉಳಿವು ನಿರ್ಧಾರವಾಗಿಬಿಟ್ಟಿತು. ಈ ಅಳತೆಗೋಲು ಸ್ಪ್ರಿಂಗಿನ ಮೇಲಿನ ಸಮಾನಾಂತರ ತಗಡುಗಳಿಗೆ ಕರಾರುವಾಕ್ಕಾದದ್ದು. ಅಂಚು ಹಿಡಿದ ಪೊರೆಗಳಿಗೆ ಇದನ್ನು ಅಂದಾಜಾಗಿ ಮಾತ್ರ ಬಳಸಬೇಕು.

ತೇವಾಂಶ ಮಾಪಕದ ವಿಷಯ

ನಮ್ಮ ಭಾಗಕ್ಕೆ ಹತ್ತಿರದ ಉಪಕರಣವಾದ ತೇವಾಂಶ ಮಾಪಕವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ಇದರ ಒಂದು ಬಗೆಯಲ್ಲಿ ಕಾಳುಗಳನ್ನು ಎರಡು ಲೋಹದ ಮೈಗಳ ನಡುವೆ ತುಂಬುತ್ತಾರೆ. ಕಾಳುಗಳೂ ಸೇರಿ ಅದೊಂದು ಕೆಪಾಸಿಟರ್ ಆಗುತ್ತದೆ. ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುವ ಗುಣವು ಗಾಳಿಗೆ 1 ಎಂದು ಇಟ್ಟುಕೊಂಡರೆ ನೀರಿಗೆ ಸುಮಾರು 80, ಒಣ ಕಾಳಿಗೆ ಅದರ ಅತಿ ಚಿಕ್ಕ ಭಾಗ ಮಾತ್ರ. ಆದ್ದರಿಂದ ಸ್ವಲ್ಪ ತೇವವಿದ್ದರೂ ಅಂಕಿ ಏರುತ್ತದೆ.

ಇಲ್ಲಿ ಅಂತರವು ಮಿಲಿಮೀಟರುಗಳಲ್ಲಿರುವುದರಿಂದ ಸ್ಥಿರವಿದ್ಯುತ್ ಸೆಳೆತವು ನಗಣ್ಯ. ಇಂಥ ಉಪಕರಣಕ್ಕೆ ಇಮ್ಮುಖ ಲೆಕ್ಕ ಮಾಡಿಸುವುದು ವೃಥಾ ಖರ್ಚು. ಆದರೆ ಒಮ್ಮುಖವಾದ ಯಾಂತ್ರಿಕ ಪ್ರಭಾವ ಮಾತ್ರ ದೊಡ್ಡದಾಗಿಯೇ ಇದೆ. ಅದೇ ಗೋವಿನಜೋಳವನ್ನು ಮೆಲ್ಲಗೆ ಸುರಿದರೆ ಒಂದು ಅಂಕಿ, ಕುಕ್ಕಿ ತುಂಬಿದರೆ ಇನ್ನೊಂದು ಅಂಕಿ ಬರುತ್ತದೆ. ಒತ್ತಾಗಿ ಕುಳಿತ ಕಾಳುಗಳ ನಡುವೆ ಗಾಳಿ ಕಡಿಮೆಯಾಗುವುದೇ ಇದಕ್ಕೆ ಕಾರಣ. ಕಾಳಿನ ಭಾರಕ್ಕೆ ಪಾತ್ರೆಯ ಗೋಡೆ ಉಬ್ಬಿದರೂ ಅಂಕಿ ಬದಲಾಗುತ್ತದೆ. ಇಂಥ ಮಾಪಕ ತಯಾರಿಸುವವರು ಗೋಡೆಯ ಗಟ್ಟಿತನಕ್ಕೆ ರಚನೆಯ ಲೆಕ್ಕವನ್ನು, ಸುರಿಯುವ ಕ್ರಮಕ್ಕೆ ನಿಶ್ಚಿತ ವ್ಯವಸ್ಥೆಯನ್ನು ಮಾಡಿಕೊಳ್ಳಬೇಕು. ಕೊಳ್ಳುವವರು ಮತ್ತು ಮಾರುವವರು ಪ್ರತಿ ಸಲವೂ ಒಂದೇ ರೀತಿ ತುಂಬಿ ಅಳೆದರೆ ಅಂಗಳದಲ್ಲಿಯ ಅನೇಕ ವಾದಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಎಲ್ಲಿ ನೆರವು ಸಿಗುತ್ತದೆ

ಮೆಮ್ಸ್ ಕ್ಷೇತ್ರದಲ್ಲಿ ಕರ್ನಾಟಕವು ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಇಂಥ ಸಾಧನಗಳನ್ನು ತಯಾರಿಸುವ ಮತ್ತು ಪರೀಕ್ಷಿಸುವ ಸೌಲಭ್ಯವಿದ್ದು, ಶುಲ್ಕ ತೆತ್ತು ಉದ್ಯಮಗಳೂ ಅದನ್ನು ಬಳಸಿಕೊಳ್ಳಬಹುದು. ಹೊರಗಿನ ಕಾಲೇಜುಗಳ ಸಂಶೋಧಕರಿಗೆ ಈ ಬಗೆಯ ಸೌಲಭ್ಯವನ್ನು ತೆರೆದಿಡುವ ಕೇಂದ್ರ ಸರ್ಕಾರದ ಕಾರ್ಯಕ್ರಮವು 2008ರಲ್ಲಿ ಇದೇ ಸಂಸ್ಥೆಯಲ್ಲಿ ಮತ್ತು ಮುಂಬಯಿಯ ಐಐಟಿಯಲ್ಲಿ ಆರಂಭವಾಯಿತು. ವಿಜ್ಞಾನ ಸಂಸ್ಥೆಯ ಜಿ.ಕೆ. ಅನಂತಸುರೇಶ್, ಕೆ.ಜೆ. ವಿನೋಯ್, ಎಸ್. ಗೋಪಾಲಕೃಷ್ಣನ್, ಕೆ.ಎನ್. ಭಟ್ ಅವರೂ, ರಕ್ಷಣಾ ಸಂಶೋಧನೆಯ ಮುಖ್ಯಸ್ಥರಾಗಿದ್ದ ವಿ.ಕೆ. ಆತ್ರೆ ಅವರೂ ಸೇರಿ 2010ರಲ್ಲಿ ಹೊರತಂದ ‘ಮೈಕ್ರೋ ಅಂಡ್ ಸ್ಮಾರ್ಟ್ ಸಿಸ್ಟಮ್ಸ್’ ಎಂಬ ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಈ ಜೋಡಿ ಲೆಕ್ಕಕ್ಕೆ ಪ್ರತ್ಯೇಕ ಸ್ಥಾನವಿದೆ.

ನಮಗೆ ಹತ್ತಿರದಲ್ಲಿ ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು 2016ರಲ್ಲಿ ಆರಂಭವಾದ ಧಾರವಾಡದ ಐಐಟಿ ಇವೆ. ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ವಿಷಯ ಬೇಕಾಗಿರುತ್ತದೆ, ಸಣ್ಣ ಉದ್ಯಮಿಗೆ ಲೆಕ್ಕ ಬೇಕಾಗಿರುತ್ತದೆ. ಅಧ್ಯಾಪಕರ ಮೂಲಕ ಇವೆರಡನ್ನೂ ಕೂಡಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.

ತಂತ್ರಾಂಶಗಳ ಪೈಕಿ ಕಾಮ್‌ಸಾಲ್ ಮತ್ತು ಆನ್ಸಿಸ್ ಪ್ರಸಿದ್ಧವಾದವು. ಅವುಗಳ ವಾಣಿಜ್ಯ ಪರವಾನಗಿಯ ವೆಚ್ಚ ಸಣ್ಣ ಘಟಕಗಳಿಗೆ ಭಾರವಾಗುತ್ತದೆ. ಫಿನ್‌ಲೆಂಡಿನಲ್ಲಿ 1995ರಿಂದ ಅಭಿವೃದ್ಧಿಗೊಂಡು 2005ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆಯಾದ ‘ಎಲ್ಮರ್’ ಉಚಿತವಾಗಿ ದೊರೆಯುತ್ತದೆ. ಸ್ಥಿರವಿದ್ಯುತ್ ಮತ್ತು ರಚನೆಯ ಲೆಕ್ಕಗಳನ್ನು ಅದು ಜೋಡಿಸಿ ಮಾಡಬಲ್ಲದು. ನಕ್ಷೆ ಬರೆಯಲು ‘ಫ್ರೀಕ್ಯಾಡ್’ ಎಂಬ ಇನ್ನೊಂದು ಉಚಿತ ತಂತ್ರಾಂಶವಿದೆ. ಪರವಾನಗಿಯಿಲ್ಲದ ನಕಲು ಪ್ರತಿಯನ್ನು ಬಳಸುವುದು ಕಾನೂನಿಗೂ ವಿರುದ್ಧ, ಉಚಿತವಾದದ್ದು ಇರುವಾಗ ಅನಗತ್ಯವೂ ಹೌದು. ವಿನ್ಯಾಸ ವೆಚ್ಚಕ್ಕೆ ನೆರವಾಗುವ ಉದ್ದೇಶವುಳ್ಳ ‘ಎಂಎಸ್‌ಎಂಇ ಇನ್ನೋವೇಟಿವ್’ ಯೋಜನೆಯನ್ನು ಕೇಂದ್ರ ಸರ್ಕಾರವು 2022ರಲ್ಲಿ ಜಾರಿಗೆ ತಂದಿತು. ಸದ್ಯದ ನಿಯಮಗಳನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ ತಿಳಿದುಕೊಳ್ಳುವುದು ಒಳಿತು.

ವರದಿ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು

ಸಲಹಾ ಸಂಸ್ಥೆಯ ವರದಿಗಳಲ್ಲಿ ಬಣ್ಣಬಣ್ಣದ ಚಿತ್ರಗಳಿರುತ್ತವೆ. ಚಿತ್ರದ ಅಂದವು ಲೆಕ್ಕದ ಸತ್ಯಕ್ಕೆ ಪ್ರಮಾಣವಲ್ಲ. ಬಾಕಿ ಹಣ ಕೊಡುವುದಕ್ಕೆ ಮೊದಲು ಈ ಪ್ರಶ್ನೆಗಳನ್ನು ಕೇಳಬೇಕು.

1. ಲೆಕ್ಕವು ಒಮ್ಮುಖವೋ, ಇಮ್ಮುಖವೋ? ಒಮ್ಮುಖವಾದರೆ ಅಷ್ಟು ಸಾಕೆಂಬುದಕ್ಕೆ ಆಧಾರವೇನು?

2. ತಗಡು ಬಾಗಿದಂತೆ ಗಾಳಿಯ ಜಾಲವೂ ಸರಿಯುತ್ತಿತ್ತೇ? ಸರಿಯದಿದ್ದರೆ ಲೆಕ್ಕವು ಹೆಸರಿಗೆ ಮಾತ್ರ ಇಮ್ಮುಖ.

3. ಒಳಸೆಳೆತದ ವೋಲ್ಟೇಜ್ ಎಷ್ಟು? ಕೆಲಸದ ವೋಲ್ಟೇಜಿಗೂ ಅದಕ್ಕೂ ಎಷ್ಟು ಅಂತರ ಉಳಿದಿದೆ?

4. ಸ್ಪ್ರಿಂಗಿನ ದಪ್ಪ ಅಥವಾ ತಗಡಿನ ಅಂತರ ತಯಾರಿಕೆಯಲ್ಲಿ ಶೇಕಡಾ 10ರಷ್ಟು ಹೆಚ್ಚುಕಡಿಮೆಯಾದರೆ ಏನಾಗುತ್ತದೆ? ಪಟ್ಟಿಯ ಆಕಾರದ ಸ್ಪ್ರಿಂಗಿನ ಗಟ್ಟಿತನವು ದಪ್ಪದ ಘನಕ್ಕೆ ತಕ್ಕಂತೆ ಬದಲಾಗುವುದರಿಂದ ದಪ್ಪ ಶೇಕಡಾ 10 ಕಡಿಮೆಯಾದರೆ ಗಟ್ಟಿತನ ಶೇಕಡಾ 27ರಷ್ಟು ಇಳಿಯುತ್ತದೆ.

5. ತಯಾರಿಕೆಯ ಕಾಲದಲ್ಲಿ ಪದರಗಳಲ್ಲಿ ಉಳಿಯುವ ಆಂತರಿಕ ಬಿಗಿತವನ್ನು ಮತ್ತು ಬೇಸಿಗೆಯ ಉಷ್ಣತೆಯನ್ನು ಲೆಕ್ಕಕ್ಕೆ ಹಿಡಿಯಲಾಗಿದೆಯೇ?

6. ಜಾಲವನ್ನು ಇನ್ನಷ್ಟು ಸಣ್ಣದು ಮಾಡಿ ನೋಡಿದಾಗ ಉತ್ತರ ಬದಲಾಯಿತೇ? ಸರಳ ತಗಡಿನ ಕೈಲೆಕ್ಕದೊಡನೆ ಅದನ್ನು ಹೋಲಿಸಲಾಗಿದೆಯೇ?

ಸಮರ್ಥ ವಿನ್ಯಾಸಕಾರರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಉತ್ತರಿಸಲು ಹಿಂಜರಿಯುವವರ ವರದಿಯನ್ನು ನಂಬಿ ಮಾಸ್ಕ್ ಅಥವಾ ಅಚ್ಚಿಗೆ ಮುಂಗಡ ಕೊಡುವುದು ಜಾಣತನವಲ್ಲ.

ಕೊನೆಯದಾಗಿ ಹೇಳಬೇಕಾದದ್ದು ಇಷ್ಟು. ನಮ್ಮ ತಾಲೂಕುಗಳ ಬಹುಪಾಲು ತಯಾರಿಕಾ ಘಟಕಗಳಿಗೆ ರಚನೆಯ ಲೆಕ್ಕವೊಂದೇ ಸಾಕು, ಸ್ಥಿರವಿದ್ಯುತ್ತಿನ ಜೋಡಿ ಲೆಕ್ಕದ ಅಗತ್ಯವಿಲ್ಲ. ಅಗತ್ಯವಿಲ್ಲದಲ್ಲಿ ಅದನ್ನು ಮಾರಲು ಬರುವವರಿಗೆ ಬೇಡವೆನ್ನುವ ಧೈರ್ಯವಿರಬೇಕು. ಆದರೆ ಮೈಕ್ರಾನುಗಳಲ್ಲಿ ಅಳೆಯುವ ಅಂತರವಿರುವ ಸಂವೇದಕಕ್ಕೆ ಕೈಹಾಕಿದವರು ಈ ಲೆಕ್ಕವನ್ನು ಬಿಟ್ಟರೆ ಬಂಡವಾಳವನ್ನೇ ಪಣಕ್ಕಿಟ್ಟಂತಾಗುತ್ತದೆ. ಕಾಗದದ ಮೇಲೆ 0.32 ಮೈಕ್ರಾನ್ ಬಾಗುವ ತಗಡು ನಿಜದಲ್ಲಿ ಎದುರಿನ ತಗಡಿಗೆ ಹೋಗಿ ಅಂಟಿಕೊಳ್ಳುತ್ತದೆ. ಅಂಥ ಸಂವೇದಕದ ಮಾಸ್ಕಿಗೆ ಹಣ ಕಟ್ಟುವ ಮುನ್ನ ಒಮ್ಮುಖ ಬಾಗನ್ನು ಅಂತರದಿಂದ ಭಾಗಿಸಿ ನೋಡಲು ಐದು ನಿಮಿಷ ಸಾಕು.